ಬ್ರೆಡ್ಡಿನ ಮುಂದೆ ಇಪ್ಪತ್ತು ನಾಯಕರು

ಕೊಲೊರಾಡೊ ಬೆಟ್ಟ, ಭಾನುವಾರ

ಪ್ರೀತಿಯ ಅಜ್ಜಿ,

“ಮುಂದಾಳಾಗೋದನ್ನ ದುಡ್ಡು ಕೊಟ್ಟು ಕಲಿಸ್ತಾರೇನೇ? ನಾನು ಬಿಟ್ಟಿ ಕಲಿಸ್ತಿದ್ದೆ!” ಎಂದು ಹಂಗಿಸಿ ಬಸ್ಸು ಹತ್ತಿಸಿದೆಯಲ್ಲ, ಈಗ ಕೇಳು. ಪ್ರತಿಷ್ಠಾನದವರು ಫೆಲೋಶಿಪ್ ಕೊಟ್ಟು ಕರೆಸಿದ ಇಪ್ಪತ್ತು ಯಹೂದಿ ನಾಯಕರು ಇಲ್ಲಿದ್ದೇವೆ. ಶುಕ್ರವಾರದ ಪಾಠ, “ನಿಜವಾದ ನಾಯಕ ಇನ್ನೊಬ್ಬರಿಗೆ ಜಾಗ ಬಿಡಬೇಕು” ಎಂದು. ಸಂಜೆ ಶಬ್ಬಾತ್ ಹಬ್ಬದ ಊಟಕ್ಕೆ ಎಲ್ಲರೂ ಕೈ ತೊಳೆದು ಕೂತೆವು. ಆಮೇಲೆ ಬ್ರೆಡ್ಡಿನ ಪ್ರಾರ್ಥನೆ ಆಗುವವರೆಗೆ ಮಾತಾಡುವಂತಿಲ್ಲವಲ್ಲ. ಆ ಪ್ರಾರ್ಥನೆ ಯಾರು ಹೇಳಬೇಕೆಂದು ಮೊದಲೇ ಗೊತ್ತು ಮಾಡಿರಲಿಲ್ಲ. ಬಾಸ್ಟನ್ನಿನ ಧರ್ಮಗುರು ರಬ್ಬಿಯವರು ನನ್ನ ಕಡೆ ಕೈ ತೋರಿಸಿದರು, ನಾನು ಪಕ್ಕದ ವಕೀಲೆಯ ಕಡೆ, ಆಕೆ ಮತ್ತೆ ರಬ್ಬಿಯ ಕಡೆ. ಎಲ್ಲರೂ ನಗುನಗುತ್ತಾ ಜಾಗ ಬಿಟ್ಟಿದ್ದೇ ಬಿಟ್ಟಿದ್ದು. ಕೋಳಿ ಸೂಪಿನ ಮೇಲೆ ಜಿಡ್ಡು ಕೆನೆಗಟ್ಟಿತು.

ಕೊನೆಗೆ ನಾನು ಥೇಟ್ ನಿನ್ನಂತೆ ಮೇಜು ಬಡಿದು, ಬಾಯಿ ಬಿಡದೆ ಮೂಗಿನಲ್ಲೇ “ಹೂಂ!” ಎಂದೆ. ರಬ್ಬಿ ಬೆಚ್ಚಿಬಿದ್ದು ಪ್ರಾರ್ಥನೆ ಶುರು ಮಾಡಿಯೇ ಬಿಟ್ಟರು!

ಊಟವಾದ ಮೇಲೆ ಪಾಠ ಹೇಳುವ ಮೆರಾವ್ ಮೇಡಂ ಬಂದು, “ಇದನ್ನೆಲ್ಲಿ ಕಲಿತ್ರಿ?” ಎಂದರು.

“ನಮ್ಮಜ್ಜಿ ಊಟದ ಮೇಜಲ್ಲಿ.”

“ಹಾಗಾದ್ರೆ ಸೋಮವಾರದ ಪಾಠ ನೀವೇ ಮಾಡಿ.”

ಹೊರಡುವಾಗ ಇದ್ದ ನನ್ನ ಕೆಮ್ಮು ವಾಸಿಯಾಗಿದೆ. ಬಸ್ ಚಾರ್ಜೂ ಪ್ರತಿಷ್ಠಾನದ್ದೇ. ಕವರಿನಲ್ಲಿ ಡಾಲರ್ ಇಟ್ಟು ಕಳಿಸಬೇಡ. ಕಾರ್ಡು ತುಂಬಿತು, ಬೇಗ ಹೇಳಿಬಿಡುತ್ತೇನೆ: ತಾತ ತಾವಾಗಿ ಎದ್ದು ಉಪ್ಪು ತರುವಂಥ ಇನ್ನೊಂದು “ಹೂಂ” ಇದೆಯಲ್ಲ, ಅದನ್ನು ಹೇಗೆ ಹೇಳುತ್ತೀಯೆಂದು ಬರೆ. ನನಗೆ ಬರುತ್ತಿಲ್ಲ. ಇಪ್ಪತ್ತು ನಾಯಕರಲ್ಲಿ ತಟ್ಟೆ ತೊಳೆಯಲು ಒಬ್ಬರೂ ಏಳುತ್ತಿಲ್ಲ.

ನಿನ್ನ ತಿರ್ಜಾ