ಬಶಿಯಲ್ಲಿ ಆರಿದ ಕಾಫಿ

ಬೈಲಹೊಂಗಲ
ಭಾನುವಾರ ಮಧ್ಯಾಹ್ನ

ಪ್ರೀತಿಯ ಸಂಘಮಿತ್ರಾ,

ಫೋನ್ ಮಾಡಿದರೆ "ಆರಾಮ ಇದ್ದೇನಿ, ನೀ?" ಎಂದು ಕೇಳಿ, ನಾನು ಬಾಯಿ ತೆರೆಯುವುದರೊಳಗೆ "ಇಡತೇನಿ, ಕೆಲಸ ಐತಿ" ಎನ್ನುತ್ತೀ. ಎಂಟು ತಿಂಗಳಿಂದ ಇದೇ ನಡೆದಿದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಇದನ್ನು ನಡುವೆ ಕಟ್ ಮಾಡಲಾಗುವುದಿಲ್ಲ. ಹರಿದು ಎಸೆಯಬಹುದು, ಆದರೆ ನೀನು ಹರಿಯುವವಳಲ್ಲ. ಹಳೆಯ ಬಸ್ ಟಿಕೆಟ್ಟನ್ನೂ ಪರ್ಸಿನಲ್ಲಿ ಮಡಚಿ ಇಟ್ಟುಕೊಳ್ಳುವವಳು.

ಮೊನ್ನೆ ಶುಕ್ರವಾರ ಉಗರಗೋಳದ ಶಾಲೆಯಲ್ಲಿ ಮಕ್ಕಳ ಕಣ್ಣು ತಪಾಸಣೆ ಇತ್ತು. ನಿನ್ನ ಜಾಗಕ್ಕೆ ಬಂದಿರುವ ಗುರುನಾಥ ಸರ್ ಒಳ್ಳೆಯವರೇ, ಆದರೆ ಅಕ್ಷರಗಳ ಬೋರ್ಡು ಹಿಡಿದರೆ ಕೈ ಅಲ್ಲಾಡುತ್ತದೆ. ಸರಿಯಾದ ಕಣ್ಣಿದ್ದ ಮಕ್ಕಳೂ ತಪ್ಪು ಓದುತ್ತಾರೆ. ನಾನು ಎಂದಿನಂತೆ ರಿಜಿಸ್ಟರ್ ಬರೆದೆ. ನಾಲ್ಕು ಗಂಟೆಗೆ ಅವರು ಜೀಪಿನಲ್ಲಿ ಹೋದರು. ನಾನು ಬಸ್ಸಿಗೆ ಹೋಗುತ್ತೇನೆಂದು ಸುಳ್ಳು ಹೇಳಿ, ಗುಡ್ಡಕ್ಕೆ ಹೋಗುವ ರಸ್ತೆಯ ಮಾಯವ್ವನ ಅಂಗಡಿಗೆ ಹೋದೆ.

"ಒಬ್ಬಾಕಿನ ಬಂದೇನವಾ? ನಿನ್ನ ಜೋಡಿ ಎಲ್ಲಿ?" ಎಂದಳು. ರಾಮದುರ್ಗಕ್ಕೆ ವರ್ಗ ಆಗಿದೆ ಎಂದೆ. ನೀನೇ ಕೇಳಿ ಮಾಡಿಸಿಕೊಂಡ ವರ್ಗ ಎಂದು ಹೇಳಲಿಲ್ಲ. ಅವಳು ಕಾಫಿ ಮಾಡಿ, ಕಪ್ಪಿನ ಕೆಳಗೆ ಬಶಿ ಇಟ್ಟು ತಂದಿಟ್ಟಳು. ನನ್ನ ಕೈ ತಾನಾಗಿಯೇ ಅರ್ಧ ಕಾಫಿಯನ್ನು ಬಶಿಗೆ ಬಗ್ಗಿಸಿ, ಬಶಿಯನ್ನು ಬೆಂಚಿನ ಆ ಕಡೆ ಸರಿಸಿಬಿಟ್ಟಿತು. ಆ ಕಡೆ ಯಾರೂ ಇರಲಿಲ್ಲ. ಕಪ್ಪು ಮುಗಿಸಿದೆ. ಬಶಿಯ ಮೇಲೆ ಕೆನೆ ಕಟ್ಟಿತು. "ಆರಾಕತ್ತೇತಿ ನೋಡವಾ, ಕುಡಿ" ಎಂದಳು ಮಾಯವ್ವ. ಕುಡಿಯಲಾಗಲಿಲ್ಲ.

ಕಿತ್ತೂರಿನಲ್ಲಿ ಬಸ್ ತಪ್ಪಿದ ದಿನ ನೆನಪಿದೆಯಲ್ಲ? ಚಹಾ ಬೇಡ, ಕಾಫಿಯೇ ಬೇಕು ಎಂದು ನಾನು ಹಟ ಹಿಡಿದಿದ್ದೆ. ನಮ್ಮ ಕಡೆ ಕಾಫಿ ಕೇಳಿದರೆ "ಯಾಕ್ರಿ, ತಲಿ ನೋಯಾಕತ್ತೇತೇನು?" ಎಂದು ವಿಚಾರಿಸುತ್ತಾರೆ. ಅಲ್ಲಿನ ಅಂಗಡಿಯ ಜಟ್ಟೆಪ್ಪನೂ ಅದನ್ನೇ ಕೇಳಿದ. ಪುಡಿಯ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿದು, ಕುದಿಯುವ ಹಾಲಿಗೆ ಸುರಿದು, ಎತ್ತರದಿಂದ ಎರಡು ಸಲ ಹೊಯ್ದು ಕೊಟ್ಟ. ಒಂದೇ ಕಪ್ಪಿಗಾಗುವಷ್ಟು ಹಾಲು ಉಳಿದಿತ್ತು. "ಕಪ್ಪು ಒಬ್ರು, ಬಶಿ ಒಬ್ರು ತಗೋರಿ" ಎಂದ. ನಿನಗೆ ಬಿಸಿ ಆಗುವುದಿಲ್ಲ, ಬಶಿ ನಿನ್ನದಾಯಿತು. ಮೂರು ವರ್ಷ ಅದು ಬದಲಾಗಲಿಲ್ಲ.

ಆಮೇಲೆ ನಮಗೆ ಹುಚ್ಚೇ ಹಿಡಿಯಿತು. ತಪಾಸಣೆಗೆ ಹೋದ ಊರಲ್ಲೆಲ್ಲ ಅಂಗಡಿ ಹುಡುಕುವುದು. ಮಾಲೀಕರೇ ಒಲೆಯ ಮುಂದೆ ನಿಂತಿರಬೇಕು, ಕಪ್ಪು-ಬಶಿ ಇನ್ನೂ ಇರಬೇಕು. ಎಲ್ಲೆಲ್ಲೂ ಪೇಪರ್ ಕಪ್ ಬಂದಿರುವಾಗ ಅಂಥವು ಸಿಗುವುದು ಅಪರೂಪ. ಇಬ್ಬರು ಹೆಂಗಸರು ಬಂದರೆಂದು ಅವರು "ಫ್ಯಾಮಿಲಿ ರೂಮ್ ಒಳಗದ ನೋಡ್ರಿ" ಎಂದು ಪರದೆ ತೋರಿಸುವುದು, ನೀನು "ನಮ್ಮ ಫ್ಯಾಮಿಲಿ ಇಷ್ಟ ರೀ, ಇಲ್ಲೇ ಕುಂಡ್ರತೇವಿ" ಎಂದು ಮುಂದಿನ ಬೆಂಚಿನ ಮೇಲೆ ಬ್ಯಾಗ್ ಇಟ್ಟುಬಿಡುವುದು! ಒಬ್ಬಳೇ ಹೋದಾಗ ನನಗೆ ಆ ಮಾತು ಆಡಲು ಬರುವುದಿಲ್ಲ. ಪರದೆಯ ಹಿಂದೆ ಹೋಗಿ ಗೋಡೆ ನೋಡುತ್ತಾ ಕುಡಿದು ಬರುತ್ತೇನೆ.

ಇಷ್ಟು ಮಾತು ಸುತ್ತಿಬಳಸಿದ್ದು ಮುಂದಿನದನ್ನು ಬರೆಯಲು ಅಂಜಿಕೊಂಡೇ.

ನೇಸರಗಿ ದಾಟಿದ ಮೇಲಿನ ನಮ್ಮೂರಿನಲ್ಲಿ ಯಮನಪ್ಪ ಕಾಕಾನ ಅಂಗಡಿ ಇದೆ, ಅಲ್ಲಿ ಕಪ್ಪು-ಬಶಿ ಇದೆ ಎಂದು ನಾನೇ ಬಾಯಿ ಬಿಟ್ಟಿದ್ದೆ. "ಎಲ್ಲಾರ ಊರಿಗೂ ಹೋದ್ವಿ, ನಿಮ್ಮೂರಿಗೆ ಯಾವಾಗ ಕರಕೊಂಡ ಹೋಗ್ತೀ?" ಎಂದು ನೀನು ಕೇಳುತ್ತಲೇ ಇದ್ದೆ. ಸುಗ್ಗಿ, ಮದುವೆ, ಅವ್ವನ ಕಾಲುನೋವು ಎಂದು ನೆಪ ಹೇಳಿದೆ. ನೆಪಗಳು ಮುಗಿದ ಮೇಲೆ ಕರೆದುಕೊಂಡು ಹೋದೆ.

ನಾನು ಚಿಕ್ಕವಳಿದ್ದಾಗ ಆ ಅಂಗಡಿಯ ಹಿಂದಿನ ಗೂಡಿನಲ್ಲಿ ನಿಮ್ಮ ಜಾತಿಯವರಿಗೆಂದು ಬೇರೆ ಲೋಟಗಳಿದ್ದವು. ಕುಡಿದವರೇ ತೊಳೆದಿಡಬೇಕು. ಪೇಪರ್ ಕಪ್ ಬಂದ ಮೇಲೆ ಎಲ್ಲರಿಗೂ ಒಂದೇ ಆಯಿತು ಎಂದು ಊರು ನಿಶ್ಚಿಂತೆಯಾಯಿತು. ಬಶಿ ಮಾತ್ರ ಮನೆಮಂದಿಗೆ, ಬೀಗರಿಗೆ ಉಳಿಯಿತು. ಇದು ನನಗೆ ಗೊತ್ತಿತ್ತು, ನಿನಗೆ ಹೇಳಿರಲಿಲ್ಲ.

ಕಾಕಾ ಹಾಲು ಇಡುತ್ತಾ ನಿನ್ನನ್ನು ಕೇಳಿದರು: "ಯಾವೂರವಾ? ಯಾರ ಪೈಕಿ ನೀವು?" ನೀನು ಉತ್ತರ ಕೊಡಲು ಮುಖ ಎತ್ತಿದೆ. ಕಿತ್ತೂರಿನಲ್ಲೂ ಸವದತ್ತಿಯಲ್ಲೂ ಕೇಳಿದವರಿಗೆ ಜಾತಿಯನ್ನು ನೇರವಾಗಿ ಹೇಳಿ, ಅವರ ಮುಂದೆಯೇ ಬಶಿಯಲ್ಲಿ ಕುಡಿದವಳು ನೀನು. ಇಲ್ಲೂ ಹೇಳುತ್ತಿದ್ದೆ. ಅಷ್ಟರಲ್ಲಿ ನಾನು ಬಾಯಿ ಹಾಕಿದೆ: "ಕಾಕಾ, ಎರಡ ಪೇಪರ್ ಕಪ್ಪಿನಾಗ ಕೊಡ್ರಿ. ನನಗ ನೆಗಡಿ ಆಗೇತಿ."

ನೀನು ಕಾಕಾನ ಬೆನ್ನ ಹಿಂದೆ ತೊಳೆದು ಬೋರಲು ಹಾಕಿದ್ದ ಬಶಿಗಳನ್ನು ನೋಡಿದೆ. ನಂತರ ನನ್ನನ್ನು ನೋಡಿದೆ. ಪೂರ್ತಿ ಕುಡಿದು, "ಕಾಫಿ ಚಲೋ ಆಗೇತ್ರಿ" ಎಂದು ಕಾಕಾನಿಗೆ ಕೈಮುಗಿದೆ. ಬಸ್ ಸ್ಟಾಪಿನವರೆಗೂ ಆ ಖಾಲಿ ಕಪ್ಪು ನಿನ್ನ ಕೈಯಲ್ಲೇ ಇತ್ತು. ಬಸ್ ಬಂದಾಗ ಒಂದೇ ಮಾತು ಹೇಳಿದೆ: "ರಾಣಿ, ನಿನಗ ನೆಗಡಿ ಆಗಿಲ್ಲ."

ನಿನಗೆ ಅವಮಾನ ಆಗಬಾರದೆಂದು ಹಾಗೆ ಮಾಡಿದೆ ಎಂದು ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡೆ. ಕಾಣದಿದ್ದರೂ ಕಾಣುತ್ತದೆ ಎಂದು ಬೋರ್ಡನ್ನು ಬಾಯಿಪಾಠ ಒಪ್ಪಿಸುವ ಮಕ್ಕಳನ್ನು ನೀನು ಹಿಡಿದುಬಿಡುತ್ತಿದ್ದೆಯಲ್ಲ, ನಾನು ಮಾಡಿದ್ದೂ ಅದೇ. ಕಾಕಾ ಬಶಿ ಕೊಡದಿದ್ದರೆ ನಾನು ಊರವರ ಮುಂದೆ ಎದ್ದು ನಿಂತು ಮಾತಾಡಬೇಕಾಗುತ್ತಿತ್ತು. ಅದಕ್ಕೆ ಅಂಜಿದೆ. ಉಳಿಸಿಕೊಂಡದ್ದು ನನ್ನ ಮುಖವನ್ನು, ನಿನ್ನದನ್ನಲ್ಲ.

ಇವತ್ತು ಬೆಳಿಗ್ಗೆ ಊರಿಗೆ ಹೋಗಿದ್ದೆ. ಅಂಗಡಿಯಲ್ಲಿ ನಾಲ್ಕು ಮಂದಿ ಕೂತಿದ್ದರು. ಅವರೆದುರೇ ಹೇಳಿದೆ: "ಕಾಕಾ, ಅವತ್ತ ನನಗ ನೆಗಡಿ ಇರಲಿಲ್ಲ. ನನ್ನ ಗೆಳತಿಗೆ ನೀವು ಬಶಿ ಕೊಡ್ತೀರೋ ಇಲ್ಲೋ ಅಂತ ಅಂಜಿ ಸುಳ್ಳ ಹೇಳಿದೆ." ಪೇಪರ್ ಓದುತ್ತಿದ್ದವರು ಓದುವುದನ್ನು ನಿಲ್ಲಿಸಿದರು. ಕಾಕಾ ಬಹಳ ಹೊತ್ತು ಒಲೆಯ ಕಟ್ಟೆ ಒರೆಸಿದರು. ಕೊನೆಗೆ, "ನೀ ಕೇಳಲೇ ಇಲ್ಲಲ್ಲವಾ" ಎಂದರು.

ಕೇಳಿದ್ದರೆ ಕೊಡುತ್ತಿದ್ದರೋ, ಇಲ್ಲವೋ. ಅವರು ಹೇಳಲಿಲ್ಲ, ಬಹುಶಃ ಅವರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತಾ ಬಂದೆ. ಅವರು ಕೊಟ್ಟಿದ್ದರೆ ನೀನು ನಮ್ಮೂರಲ್ಲಿ ಬಶಿಯಲ್ಲಿ ಕಾಫಿ ಕುಡಿದಿರುತ್ತಿದ್ದೆ. ಕೊಡದಿದ್ದರೆ ನಾನೂ ಕುಡಿಯದೆ ನಿನ್ನ ಜೊತೆ ಎದ್ದು ಬಂದಿರುತ್ತಿದ್ದೆ. ಎರಡೂ ಆಗದಂತೆ ಮಾಡಿದವಳು ನಾನು. ತಪ್ಪಾಯಿತು ಸಂಘಾ. ಇದನ್ನು ಅವತ್ತೇ ಬಸ್ ಸ್ಟಾಪಿನಲ್ಲಿ ಹೇಳಬೇಕಿತ್ತು.

ನಮ್ಮೂರಿಗೆ ಮತ್ತೆ ಬಾ ಎಂದು ಕರೆಯುವುದಿಲ್ಲ. ಕಾಕಾನ ಮನಸ್ಸು ಎಷ್ಟು ಬದಲಾಗಿದೆ ಎಂದು ನಿನ್ನನ್ನು ಕೂರಿಸಿ ನೋಡುವುದು ನ್ಯಾಯವಲ್ಲ. ಅವರನ್ನು ಕೇಳುವುದು ನನ್ನ ಕೆಲಸ, ಇನ್ನು ಮುಂದೆ ಕೇಳುತ್ತಲೇ ಇರುತ್ತೇನೆ. ಮುಂದಿನ ಭಾನುವಾರ ನಾನೇ ರಾಮದುರ್ಗಕ್ಕೆ ಬರುತ್ತೇನೆ. ಬಸ್ ಸ್ಟ್ಯಾಂಡ್ ಎದುರಿನ ಬಾಯವ್ವನ ಅಂಗಡಿ, ನಾವಿಬ್ಬರೂ ಕೊನೆಗೆಂದು ಉಳಿಸಿಟ್ಟುಕೊಂಡಿದ್ದದ್ದು. ನಾಲ್ಕು ಗಂಟೆಗೆ ಮುಂದಿನ ಬೆಂಚಿನಲ್ಲಿ ಕೂತಿರುತ್ತೇನೆ, ಪರದೆಯ ಹಿಂದೆ ಅಲ್ಲ. ಒಂದೇ ಕಾಫಿ ಹೇಳುತ್ತೇನೆ. ಈ ಸಲ ಕಪ್ಪು ನಿನಗೆ ಕೊಡೋಣ ಎಂದುಕೊಂಡಿದ್ದೆ, ಆದರೆ ನಿನಗೆ ಬಿಸಿ ಆಗುವುದಿಲ್ಲ. ಬಶಿಯೇ ನಿನ್ನ ಕಡೆ ಸರಿಸುತ್ತೇನೆ.

ಮನಸ್ಸು ಒಪ್ಪದಿದ್ದರೆ ಜಗಳ ಮಾಡಬೇಡ, ಕಾರಣವನ್ನೂ ಹೇಳಬೇಡ. "ನನಗ ನೆಗಡಿ ಆಗೇತಿ" ಎಂದುಬಿಡು. ನಾನು ಏನೂ ಕೇಳದೆ ಬೈಲಹೊಂಗಲದ ಬಸ್ ಹತ್ತುತ್ತೇನೆ.

ನೀನು ಬಂದರೂ ಬಾರದಿದ್ದರೂ, ನಿನ್ನ ಕೈ ಮುಟ್ಟಿದ ಮಕ್ಕಳಿಗೆಲ್ಲ ಬೋರ್ಡಿನ ಕೊನೆಯ ಸಾಲು ಸ್ಪಷ್ಟವಾಗಿ ಕಾಣಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಂಘಾ.

ತಡವಾಗಿ ಬಾಯಿ ಬಿಟ್ಟ ನಿನ್ನ ಗೆಳತಿ,
ರಾಣಿ