ಅಮ್ಮನ ಕೋಣೆಯ ಕ್ಯಾಮೆರಾ

ಮಾರ್ಚ್ 3
ಆಫೀಸಿನಲ್ಲಿ ಸ್ಟೋರ್ಸ್ ಮ್ಯಾನೇಜರ್ ಪಾಸ್‌ವರ್ಡ್ ಬರೆದು ಮಾನಿಟರ್‌ಗೇ ಅಂಟಿಸಿಕೊಂಡಿದ್ದ. ಕಿತ್ತು ಹರಿದೆ. ನೆಟ್‌ವರ್ಕ್ ನೋಡಿಕೊಳ್ಳುವುದೆಂದರೆ ಇಂಥವರ ಎಂಜಲು ಬಳಿಯುವ ಕೆಲಸ.
ಸಂಜೆ ಅಕ್ಕನ ಫೋನ್, ಮೂರು ಸಲ. ಅಮ್ಮನ ಕ್ಯಾಮೆರಾ ಕಾಣುತ್ತಿಲ್ಲವಂತೆ. ಹೊರಗಿನಿಂದ ನಮ್ಮ ಮನೆಯ ನೆಟ್‌ವರ್ಕಿಗೆ ಬರಲು ವಿಪಿಎನ್ ಕೀ ಬೇಕು, ಅವಳ ಹೊಸ ಫೋನಿನಲ್ಲಿ ಅದಿಲ್ಲ. ಹೇಳಿ ಹೇಳಿ ಸಾಕಾಯಿತು. ರೂಟರ್‌ನಲ್ಲಿ ಪೋರ್ಟ್ ತೆರೆದು, ಕೀ ಇಲ್ಲದೆಯೂ ಹೊರಗಿನಿಂದ ಕ್ಯಾಮೆರಾ ಕಾಣುವಂತೆ ನೇರ ಲಿಂಕ್ ಕೊಟ್ಟೆ. ಭಾನುವಾರ ಮುಚ್ಚಬೇಕು.

ಮಾರ್ಚ್ 9
ರಜೆ. ನರ್ಸ್ ಬದಲು ನಾನೇ ಮೈ ಒರೆಸಿದೆ. ಸೊಂಟ ಮುರಿದಾಗಿನಿಂದ ಅಮ್ಮನಿಗೆ ಮಂಚವೇ ಎಲ್ಲ.
"ಆ ಕ್ಯಾಮೆರಾ ಮೇಲೊಂದು ಬಟ್ಟೆ ಹಾಕೇ," ಎಂದರು.
"ನಾನು, ಅಕ್ಕ ಬಿಟ್ರೆ ಯಾರಮ್ಮ ನೋಡ್ತಾರೆ?"

ಜುಲೈ 22, ಬೆಳಿಗ್ಗೆ
ಜ್ವರ, ಆಫೀಸಿಗೆ ಹೋಗಲಿಲ್ಲ. ಒಂಬತ್ತಕ್ಕೆ ನರ್ಸ್ ಬಿಸಿನೀರು ತಂದಳು. ಕ್ಯಾಮೆರಾ ತಾನೇ ಮಂಚದ ಕಡೆ ತಿರುಗಿತು.
"ದಿನಾ ಹೀಗೇ," ಎಂದರು ಅಮ್ಮ. "ನೀನು ಆಫೀಸಿಂದ ನೋಡ್ತೀಯ ಅಂತ ಕೈ ಬೀಸ್ತೀನಿ."

ಅದೇ ದಿನ, 11 ಗಂಟೆ
ಕ್ಯಾಮೆರಾವನ್ನು ಎಲ್ಲೆಲ್ಲಿಂದ ನೋಡಿದ್ದಾರೆ ಎಂಬ ಲಾಗ್ ತೆಗೆದೆ. ಗುರುತಿಲ್ಲದ ನಲವತ್ತೊಂದು ವಿಳಾಸಗಳು. ಒಬ್ಬನಂತೂ ದಿನಾ ಒಂಬತ್ತಕ್ಕೆ ಸರಿಯಾಗಿ. ಓಡಿಹೋಗಿ ಕ್ಯಾಮೆರಾ ಮೇಲೆ ಟವೆಲ್ ಹಾಕಿದೆ. ಅಸಹ್ಯ... ಎಂಥ ಹುಳುಗಳು.
ಇದು ಭಾವನದೇ ಕೆಲಸ. ಬಂದಾಗಲೆಲ್ಲ ರೂಟರ್ ಪಕ್ಕ ಕೂತು ಕೈಯಾಡಿಸುವ ಚಟ. ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ.
"ನಾನು ಮುಟ್ಟೇ ಇಲ್ಲ ಕಣಮ್ಮ."
ಸುಳ್ಳ.

ಜುಲೈ 23
ರೂಟರ್‌ನ ದಾಖಲೆ ನೋಡಿದೆ. ಪೋರ್ಟ್ ತೆರೆದದ್ದು ಮಾರ್ಚ್ 3. ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ.
ನನ್ನದೇ ಅಕ್ಷರ. ಥೂ.
ಕ್ಯಾಮೆರಾದ ಪಾಸ್‌ವರ್ಡ್ ಕೂಡ ಡಬ್ಬದ ಜೊತೆ ಬಂದದ್ದೇ. ಬದಲಿಸಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳು.
ಪೋರ್ಟ್ ಮುಚ್ಚಿದೆ. ಕ್ಯಾಮೆರಾ ಕಿತ್ತೆ. ಅಕ್ಕನ ಫೋನಿಗೆ ಕೀ ಹಾಕಲು ಬೇಕಿದ್ದದ್ದು ಹತ್ತು ನಿಮಿಷ. ಭಾವನಿಗೆ ಇನ್ನೂ ಫೋನ್ ಮಾಡಿಲ್ಲ.

ಜುಲೈ 24, 9.30
ನರ್ಸ್‌ಗೆ ಬೇಡವೆಂದು ನಾನೇ ಒರೆಸಿದೆ.
"ಯಾಕೆ ಕಿತ್ತೆ? ನೀನು ಹೋದ್ಮೇಲೆ ಅದೊಂದೇ ಜೊತೆ ನಂಗೆ."
"ಕೆಟ್ಟೋಗಿತ್ತಮ್ಮ."
"ನಾನು ಕೈ ಬೀಸಿದ್ದು ಕಾಣ್ತಿತ್ತಾ?"
ಬಟ್ಟೆ ಹಿಂಡಿದೆ. ಮತ್ತೆ ಹಿಂಡಿದೆ. "ದಿನಾ ನೋಡ್ತಿದ್ದೆ," ಎಂದೆ.
ಅಮ್ಮ ನಕ್ಕರು. ಆಮೇಲೆ ಕ್ಯಾಮೆರಾ ಇದ್ದ ಆ ಖಾಲಿ ಗೋಡೆಯ ಕಡೆ ಕೈ ಎತ್ತಿ—