ತಳದ ಎರಡು ಬೆರಳು

ಹುಣಸೂರು
೧೪ ನವೆಂಬರ್ ೨೦೨೪

ಪ್ರೀತಿಯ ಭಾಗ್ಯ,

ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಹರಿದು ಬಿಸಾಕುವ ಮುಂಚೆ ಒಂದು ಸಲ ಓದು.

ಇವತ್ತು ಬೆಳಿಗ್ಗೆ ಲ್ಯಾಬಿನಲ್ಲಿ ಮತ್ತೆ ನಾನೂರು ಬಾಟಲಿ ಬಾಳೆಸಸಿಗೆ ಬೂಷ್ಟು! ನೀನು ಸಸಿ ಮುಟ್ಟುವ ಮುಂಚೆ ಕೈಗೆ ಸ್ಪಿರಿಟ್ ಹಚ್ಚಿಕೊಳ್ಳದೆ ಬೂಷ್ಟು ಹತ್ತಿಸಿದೆ ಅಂತ ತಾನೆ ಮೇಡಂ ನಿನ್ನನ್ನು ಕೆಲಸದಿಂದ ತೆಗೆದದ್ದು? ನೀನು ಹೋಗಿ ತಿಂಗಳಾಯಿತು. ಹಾಗಾದರೆ ಇದೆಲ್ಲಿಂದ ಬಂತು?

ಬಾಟಲಿಯೊಳಗೆ ಸಸಿ ಉಣ್ಣುವ ಮೀಡಿಯಾ ತಯಾರಿಸುವವಳು ನಾನು. ಸಕ್ಕರೆ, ಲವಣ, ಗಟ್ಟಿಯಾಗಲು ಹಾಕುವ ಅಗರ್ ಎಲ್ಲ ಆ ದೊಡ್ಡ ಕುಕ್ಕರಿನಲ್ಲಿ ಬೇಯುತ್ತವೆ, ಅದರಲ್ಲಿ ಯಾವ ಬೂಷ್ಟೂ ಬದುಕುವುದಿಲ್ಲ. ವಿಟಮಿನ್ ನೀರನ್ನು ಮಾತ್ರ ಬೇಯಿಸುವಂತಿಲ್ಲ, ಸೋಸಿಟ್ಟುಕೊಂಡು ಉಳಿದದ್ದೆಲ್ಲ ಬೆಂದ ಮೇಲೆ ಕೊನೆಗೆ ಸೇರಿಸಬೇಕು. ಆ ಸೀಸೆಯನ್ನು ಇವತ್ತು ಬೆಳಕಿಗೆ ಹಿಡಿದೆ. ಒಳಗೆ ಬಿಳಿ ಎಳೆಗಳು ತೇಲುತ್ತಿದ್ದವು.

ಆ ಸೀಸೆಯನ್ನು ನಾನು ಒಂದು ದಿನವೂ ಪೂರ್ತಿ ಬರಿದು ಮಾಡಿ ತೊಳೆದವಳಲ್ಲ ಭಾಗ್ಯ. ತಳದಲ್ಲಿ ಎರಡು ಬೆರಳಷ್ಟು ಉಳಿಸಿ, ಅದರ ಮೇಲೇ ಹೊಸದು ಸುರಿಯುತ್ತಿದ್ದೆ. ಕಂಪಲಾಪುರದಲ್ಲಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗಲೆಲ್ಲ ನಮ್ಮವ್ವ, ತಳ ಕಾಣಂಗೆ ಬಳೀಬ್ಯಾಡ ಕಣವ್ವ, ಒಂದಿಡಿ ಬುಡು ಅನ್ನುತ್ತಿದ್ದಳು. ಕೈಗೆ ಅದೇ ರೂಢಿಯಾಗಿಹೋಗಿದೆ. ಬೇಕಂತ ಮಾಡಿದ್ದಲ್ಲ, ದೇವರಾಣೆ. ಎಷ್ಟು ದಿನದಿಂದ ಆ ಬೂಷ್ಟನ್ನು ಊಟ ಹಾಕಿ ಸಾಕುತ್ತಿದ್ದೆನೋ ನಾನು, ಪೆದ್ದಿ!

ನಿನ್ನ ಕೈ ಚೊಕ್ಕಟವಾಗಿಯೇ ಇತ್ತು. ರಾವಂದೂರಿನಲ್ಲಿ ಶುಂಠಿ ತೊಳೆಯುವ ಕೂಲಿಗೆ ಹೋಗುತ್ತಿದ್ದೀಯಂತೆ, ಅದೇ ಕೈ ಒಡೆದುಹೋಗಿದೆಯಂತೆ.

ಮೇಡಂಗೆ ಸೀಸೆ ತೋರಿಸಿ ತಪ್ಪು ಒಪ್ಪಿಕೊಂಡೆ. ಅವರು ಸೀಸೆಯನ್ನು ತಾವೇ ಬೆಳಕಿಗೆ ಹಿಡಿದು ನೋಡಿದರು. ಸೋಮವಾರ ಭಾಗ್ಯಳನ್ನು ಕೆಲಸಕ್ಕೆ ಬರಹೇಳು ಅಂದರು. ನನ್ನನ್ನು ಏನು ಮಾಡುತ್ತಾರೋ ಹೇಳಲಿಲ್ಲ. ನೀನಂತೂ ಬಾ.

ಬಂದಾಗ ಬಾಟಲಿ ತೊಳೆಯುವ ಚಿಕ್ಕಮಾದಮ್ಮನನ್ನು ಮಾತಾಡಿಸು. ಸ್ಪಿರಿಟ್ ವಿಷಯದಲ್ಲಿ ಮೇಡಂ ಹತ್ತಿರ ನಿನ್ನ ಹೆಸರು ಹೇಳಿದ್ದು ಅವರೇ ಅಂತ ಮುಖ ತಿರುಗಿಸಿಕೊಂಡು ಹೋದೆಯಲ್ಲ, ಪಾಪ, ಭಾಗ್ಯ ಎಂಗವ್ಳೆ ಅಂತ ದಿನಾ ಕೇಳುತ್ತಾರೆ.

ನಿನ್ನ ಗೆಳತಿ ಅನ್ನಿಸಿಕೊಳ್ಳಲು ಇನ್ನೂ ಆಸೆಪಡುವ,
ಮಂಗಳಗೌರಿ

ತಾ.ಕ.: ಮಡಚುವ ಮುಂಚೆ ಓದಿ ನೋಡಿದೆ. ಈ ಕಾಗದದಲ್ಲೂ ತಳದಲ್ಲಿ ಎರಡು ಬೆರಳು ಉಳಿಸಿಬಿಟ್ಟಿದ್ದೇನೆ. ನಿನ್ನ ಹೆಸರು ಹೇಳಿದ್ದು ಚಿಕ್ಕಮಾದಮ್ಮ ಅಲ್ಲ ಭಾಗ್ಯ. ನಾನು.